ಹೂಮಳೆಯ ಹೊತ್ತಿನ ಪಾಸ್ಖ ಜಾಗರಣೆ

ಯೇಸುವಿನ ಪುನರುತ್ಥಾನದ ಹಬ್ಬವಾದ ಪಾಸ್ಖದ (ಈಸ್ಟರ್) ಹಿಂದಿನ ದಿನ, ಪವಿತ್ರ ಶನಿವಾರದ ರಾತ್ರಿ ಚಿಕ್ಕಮಗಳೂರಿನ ಸಂತ ಜೋಸೆಫರ ಪ್ರಧಾನಾಲಯದ ಅಂಗಳದಲ್ಲಿ ದೀಪಗಳನ್ನೆಲ್ಲ ಆರಿಸಿ ಹೊಸ ಬೆಂಕಿಯ ಸುತ್ತ ನಾವು ನಿಂತಿದ್ದಾಗ, ಗುರುಗಳು ಪಾಸ್ಖದ ದೊಡ್ಡ ಮೇಣದಬತ್ತಿಯ ಮೇಲೆ ಶಿಲುಬೆಯನ್ನು ಕೊರೆದು, ಅದರ ಮೇಲ್ಗಡೆ ಗ್ರೀಕ್ ಲಿಪಿಯ ಮೊದಲಕ್ಷರವಾದ ಆಲ್ಫವನ್ನೂ ಕೆಳಗಡೆ ಕೊನೆಯಕ್ಷರವಾದ ಒಮೆಗವನ್ನೂ, ನಾಲ್ಕು ಮೂಲೆಗಳಲ್ಲಿ ಈ ವರ್ಷದ ನಾಲ್ಕು ಅಂಕಿಗಳನ್ನೂ ಬರೆದರು. ಕೊರೆದ ಮೇಣದ ಸಣ್ಣ ಸಿಪ್ಪೆಗಳು ಅವರ ಬೆರಳಿಗೆ ಅಂಟಿಕೊಂಡದ್ದು ಬೆಂಕಿಯ ಬೆಳಕಿನಲ್ಲಿ ಕಾಣುತ್ತಿತ್ತು. ಆದಿಯೂ ಅಂತ್ಯವೂ ಕ್ರಿಸ್ತರೇ, ನಾವು ಬದುಕುತ್ತಿರುವ ಈ ವರ್ಷವೂ ಅವರದೇ ಎಂಬುದು ಆ ಬರಹದ ಅರ್ಥ.

ಅದರ ಹಿಂದಿನ ವಾರವಷ್ಟೇ ಪಕ್ಕದ ತೋಟದ ಹಿರಿಯರು, "ಅಲ್ಲ ಮಾರಾಯ್ರೆ, ದೇವರು ಹೇಳಬೇಕಾದ್ದೆಲ್ಲ ನಿಮ್ಮ ಬೈಬಲ್ಲಿನಲ್ಲೇ ಮುಗಿದುಹೋಯಿತೆ? ಆಮೇಲೆ ಅವನು ಮಾತೇ ಆಡಲಿಲ್ಲವೆ?" ಎಂದು ಕೇಳಿದ್ದರು. ಕೆಣಕುವ ಪ್ರಶ್ನೆಯಲ್ಲ, ತಿಳಿಯಬೇಕೆಂಬ ಆಸೆಯಿಂದ ಕೇಳಿದ್ದು. ನನಗೆ ತಕ್ಷಣ ಉತ್ತರ ಹೊಳೆದಿರಲಿಲ್ಲ.

ಜಾಗರಣೆಯ ಪೂರ್ಣ ವಿಧಿಯಲ್ಲಿ ಬೈಬಲ್ಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಿಂದ 7 ವಾಚನಗಳಿವೆ. ಜಗತ್ತಿನ ಸೃಷ್ಟಿ, ಮಗನನ್ನು ಬಲಿಕೊಡಲು ಹೊರಟ ಅಬ್ರಹಾಮ, ಇಬ್ಭಾಗವಾದ ಸಮುದ್ರ, ಬಳಿಕ ಪ್ರವಾದಿಗಳ ಮಾತು. ಇವೆಲ್ಲ ಮುಗಿದ ಮೇಲೆ ಗಂಟೆಗಳು ಮೊಳಗಿ, ಸಂತ ಪೌಲರ ಪತ್ರವನ್ನು ಓದಿ, ಕೊನೆಗೆ ಯೇಸುವಿನ ಬರಿದಾದ ಸಮಾಧಿಯ ಶುಭಸಂದೇಶ (ಸುವಾರ್ತೆ). ಒಂದೇ ರಾತ್ರಿಯಲ್ಲಿ ಇವನ್ನು ಸಾಲಾಗಿ ಕೇಳಿದವರಿಗೆ, ಬೇರೆಬೇರೆ ಶತಮಾನಗಳಲ್ಲಿ ಬೇರೆಬೇರೆ ಕೈಗಳು ಬರೆದ ಈ ಪುಸ್ತಕಗಳು ಒಬ್ಬ ವ್ಯಕ್ತಿಯ ಕಡೆಗೇ ನಡೆದು ಬಂದಿವೆ ಎಂಬುದು ಮನಸ್ಸಿಗೆ ನಾಟುತ್ತದೆ. ಹಿಂದೆ ಪ್ರವಾದಿಗಳ ಮೂಲಕ ಹಲವು ಬಗೆಯಲ್ಲಿ ಮಾತಾಡಿದ ದೇವರು ಈ ಕಡೆಯ ದಿನಗಳಲ್ಲಿ ತಮ್ಮ ಪುತ್ರನ ಮೂಲಕವೇ ನಮ್ಮೊಡನೆ ಮಾತಾಡಿದ್ದಾರೆ ಎಂದು ಹಿಬ್ರಿಯರಿಗೆ ಬರೆದ ಪತ್ರದ ಆರಂಭ ಹೇಳುವುದೂ ಇದನ್ನೇ. ತಮ್ಮನ್ನೇ ಕೊಟ್ಟುಬಿಟ್ಟವರು ಇನ್ನೇನನ್ನು ಬಾಕಿ ಉಳಿಸಿಕೊಂಡಾರು?

ಬೈಬಲ್ ಪೂರ್ಣ ಎನ್ನುವಾಗ ಲೋಕದ ಸಕಲ ಜ್ಞಾನವೂ ಅದರಲ್ಲಿದೆ ಎಂದು ನಾವು ಹೇಳುತ್ತಿಲ್ಲ. ಯೇಸು ಮಾಡಿದ್ದನ್ನೆಲ್ಲ ಒಂದೊಂದಾಗಿ ಬರೆದರೆ ಆ ಪುಸ್ತಕಗಳಿಗೆ ಲೋಕವೇ ಸಾಲದು ಎಂದು ಯೊವಾನ್ನರ ಶುಭಸಂದೇಶವೇ ಮುಗಿಯುತ್ತದೆ. ಆದರೂ ನಾವು ವಿಶ್ವಾಸವಿಟ್ಟು ಜೀವ ಪಡೆಯಲೆಂದು ಇಷ್ಟನ್ನು ಬರೆಯಲಾಗಿದೆ ಎಂದು ಅದರ ಹಿಂದಿನ ಅಧ್ಯಾಯ ಹೇಳುತ್ತದೆ. ರಕ್ಷಣೆಗೆ ಬೇಕಾದ್ದರಲ್ಲಿ ಕೊರತೆಯಿಲ್ಲ. ಪೂರ್ಣತೆಯೆಂದರೆ ನನಗೆ ಇದೇ.

ಪುಸ್ತಕಗಳ ಎಣಿಕೆಯಲ್ಲಿ ಕ್ರೈಸ್ತರೊಳಗೇ ವ್ಯತ್ಯಾಸವಿದೆ ನಿಜ. ಕಥೋಲಿಕರಾದ ನಮಗೆ 73, ಪ್ರೊಟೆಸ್ಟೆಂಟ್ ಸಹೋದರರಿಗೆ 66. ಆ ರಾತ್ರಿ ನಾವು ಕೇಳುವ ಬಾರೂಕನ ಗ್ರಂಥ ಅವರ ಸತ್ಯವೇದದಲ್ಲಿ ಇಲ್ಲ. ಆದರೆ ಹೊಸ ಒಡಂಬಡಿಕೆಯ 27ರ ವಿಷಯದಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯವಿಲ್ಲ. ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷರಾಗಿದ್ದ ಸಂತ ಅಥನಾಸಿಯಸ್ ಕ್ರಿ.ಶ. 367ರಲ್ಲಿ ಇದೇ 27 ಪುಸ್ತಕಗಳನ್ನು ಪಟ್ಟಿಮಾಡಿದ್ದು ಪಾಸ್ಖ ಹಬ್ಬಕ್ಕಾಗಿ ಬರೆದ ಪತ್ರದಲ್ಲಿ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ದೇವರು ಆಮೇಲೆ ಮಾತೇ ಆಡಲಿಲ್ಲವೆ ಎಂಬ ಹಿರಿಯರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಐದನೆಯ ವಾಚನದಲ್ಲಿ, ಯೆಶಾಯನ 55ನೆಯ ಅಧ್ಯಾಯದಲ್ಲಿ. ಆಕಾಶದಿಂದ ಇಳಿದ ಮಳೆ ಭೂಮಿಯನ್ನು ತೋಯಿಸಿ, ಬಿತ್ತುವವನಿಗೆ ಬೀಜವನ್ನೂ ಉಣ್ಣುವವನಿಗೆ ಆಹಾರವನ್ನೂ ಕೊಡದೆ ಹಿಂದಿರುಗದು. ನನ್ನ ಬಾಯಿಂದ ಹೊರಟ ಮಾತೂ ಹಾಗೆಯೇ ಎನ್ನುತ್ತಾರೆ ದೇವರು. ಕಾಫಿ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಫಿ ಗಿಡ ಹೂಬಿಡಲು ಕಾಯುವ ಹೂಮಳೆ ಒಂದು ಸಂಜೆ ಬಿದ್ದು ನಿಂತರೂ, 8-10 ದಿನಗಳಾದ ಮೇಲೆ ತೋಟವಿಡೀ ಬೆಳ್ಳಗೆ ಅರಳಿ, ಅದರ ಹಣ್ಣು ಕುಯ್ಲಿಗೆ ಬರುವ ಹೊತ್ತಿಗೆ ವರ್ಷವೇ ಮುಗಿಯುತ್ತ ಬಂದಿರುತ್ತದೆ. ಬಿದ್ದ ಮಳೆ ಅಷ್ಟೂ ದಿನ ಗಿಡದೊಳಗೆ ಕೆಲಸಮಾಡುತ್ತಲೇ ಇರುತ್ತದೆ. ದೈವಪ್ರಕಟಣೆ ಕ್ರಿಸ್ತರಲ್ಲಿ ಸಂಪೂರ್ಣವಾಗಿದೆ, ಅದನ್ನು ಅರಿಯುವ ಕೆಲಸ ಮಾತ್ರ ಪವಿತ್ರಾತ್ಮರ ನೆರವಿನಿಂದ ಧರ್ಮಸಭೆಯಲ್ಲಿ ಇಂದಿಗೂ ನಡೆದಿದೆ.

ಹಬ್ಬದ ಊಟಕ್ಕೆ ಬಂದ ಹಿರಿಯರಿಗೆ ಆ ವಾಕ್ಯಗಳನ್ನೇ ಓದಿ ಹೇಳಿದೆ. ಅವರು ಕಣ್ಣುಮುಚ್ಚಿ ಕೇಳಿ, "ಇದನ್ನು ಬರೆದವರೂ ಮಳೆಗೆ ಕಾದವರೇ ಇರಬೇಕು, ಮೊದಲಿನಿಂದ ಓದಿ" ಎಂದರು. ನಾನು ಪುಟವನ್ನು ಹಿಂದಕ್ಕೆ ತಿರುಗಿಸಿ, ಬಾಯಾರಿದವರೆಲ್ಲರೂ ನೀರಿನ ಬಳಿಗೆ ಬನ್ನಿರೆಂದು ಕರೆಯುವ ಮೊದಲ ವಾಕ್ಯದಿಂದ ಓದತೊಡಗಿದೆ.