ಒಡೆಯುವ ಬೆಳಕೇ ಕಟ್ಟುತ್ತದೆ

ಇವತ್ತು ಪೂರ್ತಿ, ಓರಿಯನ್ ನೀಹಾರಿಕೆಯಲ್ಲಿ ನಕ್ಷತ್ರಗಳ ಬೆಳಕು ಅನಿಲ-ಧೂಳಿನ ಮೋಡಕ್ಕೆ ತಾಗುವ ಅಂಚಾದ ಓರಿಯನ್ ಬಾರ್‌ನ ಕಂಪ್ಯೂಟರ್ ಮಾಡೆಲ್ ಓಡಿಸುತ್ತಾ ಕೂತಿದ್ದೇನೆ. ನಕ್ಷತ್ರದ ನೇರಳಾತೀತ ಬೆಳಕು ಬೀಳುವ ಅಂಚಿನಲ್ಲಿ ಕಾರ್ಬನ್ ಒಂದು ಎಲೆಕ್ಟ್ರಾನ್ ಕಳೆದುಕೊಂಡು ಅಯಾನಾಗಿ, 158 ಮೈಕ್ರೋಮೀಟರ್ ತರಂಗಾಂತರದಲ್ಲಿ ಹೊಳೆಯುತ್ತದೆ, ಒಳಗೆ ಹೋದಂತೆ ಧೂಳಿನ ಮರೆಯಲ್ಲಿ ಅದೇ ಕಾರ್ಬನ್ ಆಮ್ಲಜನಕದ ಜೊತೆ ಸೇರಿ ಕಾರ್ಬನ್ ಮಾನಾಕ್ಸೈಡ್ ಆಗಿಬಿಡುತ್ತದೆ. ಇದು ಗೊತ್ತಿರುವ ಕಥೆ.

ನನಗೆ ಜಾಸ್ತಿ ಇಷ್ಟ ಹೈಡ್ರೋಜನ್. ಹೊರಸಾಲಿನ ಅಣುಗಳು ತಮ್ಮನ್ನು ಒಡೆಯಬಲ್ಲ ಬೆಳಕನ್ನು ತಾವೇ ನುಂಗಿ, ಹಿಂದಿನವಕ್ಕೆ ಕೊಡೆ ಹಿಡಿದ ಹಾಗೆ ನಿಲ್ಲುತ್ತವೆ. ಒಡೆಯದೆ ಉಳಿದವು ಸುಮ್ನೆ ಇರಲ್ಲ, ಬೆಳಕು ತಾಗಿದ ಶಕ್ತಿಯಿಂದ ಜೋರಾಗಿ ಕಂಪಿಸುತ್ತಿರುತ್ತವೆ, ಆ ಶಕ್ತಿಯ ಬಲದಿಂದಲೇ ಕಾರ್ಬನ್ ಅಯಾನು ಹೈಡ್ರೋಜನ್‌ ಜೊತೆ ಕೂಡುತ್ತದೆ. 2023ರಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕಕ್ಕೆ ಓರಿಯನ್‌ನ ಎಳೆಯ ನಕ್ಷತ್ರವೊಂದರ ಸುತ್ತಲಿನ ಅನಿಲ-ಧೂಳಿನ ತಟ್ಟೆಯಲ್ಲಿ ಮೀಥೈಲ್ ಅಯಾನು (CH3+) ಕಂಡಿತಲ್ವಾ, ಅದಕ್ಕೂ ಇಂಥದ್ದೇ ದಾರಿ.

ನನ್ನ ಮಾಡೆಲ್‌ನಲ್ಲಿ ಮೋಡ ಇನ್ನೂ ಸಪಾಟು ಹಲಗೆಯೇ. ನಿಜವಾದದ್ದು ಗಂಟುಗಂಟು, ಬೆಳಕು ಎಲ್ಲೆಲ್ಲೋ ತೂರಿಕೊಂಡು ಹೋಗುತ್ತದೆ.