1966ರ ಸಿಜೆ3ಬಿ ಜೀಪು: ಆರನೆಯ ತಿಂಗಳ ಕೆಲಸ

ಕಳೆದ ಕಾರ್ತಿಕದಲ್ಲಿ ಮೂಡಿಗೆರೆ ಸೀಮೆಯ ಕಾಫಿ ತೋಟವೊಂದರ ಶೆಡ್ಡಿನಿಂದ ಕೊಂಡು ತಂದ 1966ರ ಮಹೀಂದ್ರಾ ಸಿಜೆ3ಬಿ ಜೀಪಿನ ಎಂಜಿನ್ ಈ ವಾರ ಶುರುವಾಯಿತು. ಹದಿನೈದು ವರ್ಷ ಗೊಬ್ಬರದ ಚೀಲಗಳ ನಡುವೆ ನಿಂತಿದ್ದ ಗಾಡಿಯನ್ನು ನೋಡಲು ನನ್ನ ಜೊತೆ ಬಂದಿದ್ದ ಮೆಕ್ಯಾನಿಕ್, "ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿಬಿಡೋಣ ಸಾರ್, ಖರ್ಚು ಉಳಿಯುತ್ತೆ" ಎಂದಿದ್ದರು. ದಿನವೂ ದುಡಿಯಬೇಕಾದ ಗಾಡಿಗೆ ಆ ಮಾತು ಸರಿಯೇ; ಮಲೆನಾಡಿನ ಎಷ್ಟೋ ಹಳೆಯ ಜೀಪುಗಳು ಹಾಗೆಯೇ ಬದುಕಿಕೊಂಡಿವೆ. ಆದರೆ ಸಿಜೆ3ಬಿಯ ಎತ್ತರದ ಬಾನೆಟ್ ಹುಟ್ಟಿದ್ದೇ ಅದರ ಎಂಜಿನ್ನಿಗಾಗಿ. 1953ರಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿ ಈ ಮಾದರಿಯನ್ನು ಹೊರತಂದಾಗ, ಗಾಳಿ-ಪೆಟ್ರೋಲ್ ಒಳಬಿಡುವ ಇನ್‌ಲೆಟ್ ವಾಲ್ವ್‌ಗಳನ್ನು ಮೇಲಿನ ಹೆಡ್ಡಿನಲ್ಲಿಯೂ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ಗಳನ್ನು ಕೆಳಗಿನ ಬ್ಲಾಕಿನಲ್ಲಿಯೂ ಇರಿಸಿದ 2.2 ಲೀಟರಿನ ಹರಿಕೇನ್ ಎಂಜಿನ್ ಹಿಂದಿನ ಜೀಪಿನ ತಗ್ಗು ಬಾನೆಟ್ಟಿನಡಿ ಹಿಡಿಸದ ಕಾರಣ ಬಾನೆಟ್ಟನ್ನೇ ಎತ್ತರಿಸಲಾಯಿತು. ಆ ಎಂಜಿನ್ ಇಲ್ಲದಿದ್ದರೆ ಈ ಎತ್ತರಕ್ಕೆ ಅರ್ಥವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಗದಪತ್ರದ ಕಡೆಯಿಂದಲೂ ಮೂಲ ಎಂಜಿನ್ನನ್ನು ಉಳಿಸಿಕೊಳ್ಳುವುದು ಮುಖ್ಯ. 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮವು 50 ವರ್ಷ ದಾಟಿದ ಗಾಡಿಗಳಿಗೆ ಅನ್ವಯಿಸುತ್ತದೆಯಾದರೂ, ಛಾಸಿ, ಬಾಡಿ ಮತ್ತು ಎಂಜಿನ್ನನ್ನು ಗಣನೀಯವಾಗಿ ಬದಲಿಸಿರಬಾರದು ಎಂದು ಹೇಳುತ್ತದೆ. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆಯ ನಂಬರನ್ನು ಉಳಿಸಿಕೊಳ್ಳಬಹುದು. ನಮ್ಮ ಜೀಪಿನದು ಮೈಸೂರು ರಾಜ್ಯದ ಕಾಲದ, 'ಎಂವೈ' ಎಂದು ಶುರುವಾಗುವ ನಂಬರು. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಎಂಜಿನ್ ಪೂರ್ತಿ ಜಾಮ್ ಆಗಿತ್ತು. ಪ್ಲಗ್ಗುಗಳನ್ನು ಬಿಚ್ಚಿ, ನಾಲ್ಕೂ ಸಿಲಿಂಡರಿಗೆ ಸೀಮೆಎಣ್ಣೆ ಬೆರೆಸಿದ ಆಯಿಲ್ ಸುರಿದು, ಹತ್ತು ದಿನ ಬೆಳಿಗ್ಗೆ ಸಂಜೆ ಮುಂದಿನ ಹ್ಯಾಂಡಲ್ಲನ್ನು ಒತ್ತಾಯಿಸದೆ ಅಲುಗಿಸುತ್ತ ಬಂದೆವು. ಹನ್ನೊಂದನೆಯ ದಿನ ಅದು ಕಾಲು ಸುತ್ತು ಜಾರಿತು. ಹೆಡ್ ಬಿಚ್ಚಿದಾಗ ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತಾನು ಜಾರುವ ಕೊಳವೆಯಾದ ಗೈಡಿನಲ್ಲೇ ಕಚ್ಚಿಕೊಂಡಿದ್ದುದೂ, ಅದು ಮುಚ್ಚಿ ಕೂರುವ ಅಂಚು, ಅಂದರೆ ಸೀಟು, ತುಕ್ಕು ತಿಂದು ಗುಳಿಬಿದ್ದಿದ್ದುದೂ ಕಂಡವು. ಹಾಸನದ ಲೇತ್ ಅಂಗಡಿಯಲ್ಲಿ ಹೊಸ ಸೀಟು ಹಾಕಿಸಿ, ಎಂಟೂ ವಾಲ್ವ್‌ಗಳನ್ನು ಪೇಸ್ಟ್ ಹಚ್ಚಿ ಕೈಯಲ್ಲೇ ಅರೆದೆ. ವಾಲ್ವ್ ತುದಿಯಲ್ಲಿ ಬಿಡುವ ಸಂದು, ಅಂದರೆ ಕ್ಲಿಯರೆನ್ಸ್, ಕೂರಿಸುವುದು ಈ ಎಂಜಿನ್ನಿನಲ್ಲಿ ತಾಳ್ಮೆಯ ಕೆಲಸ. ಇನ್‌ಲೆಟ್ಟಿಗೆ ಮೇಲಿನಿಂದ 18 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ) ಇಟ್ಟರೆ ಸಾಕು; ಎಕ್ಸಾಸ್ಟಿಗೆ ಬ್ಲಾಕಿನ ಪಕ್ಕದ ಮುಚ್ಚಳ ತೆಗೆದು, ಮ್ಯಾನಿಫೋಲ್ಡಿನ ಸಂದಿಯಲ್ಲಿ ಕೈ ತೂರಿಸಿ 16 ಥೌ ಹಿಡಿಯಬೇಕು. ಇಲ್ಲಿ ಬಿಗಿಯಾದರೆ ವಾಲ್ವ್ ಪೂರ್ತಿ ಕೂರದೆ ಸುಟ್ಟುಹೋಗುತ್ತದೆ, ಆದ್ದರಿಂದ ಒಂದು ಇಡೀ ಭಾನುವಾರವನ್ನು ಇದಕ್ಕೇ ಕೊಟ್ಟೆ. ಡ್ರೈವರ್ ಸೀಟಿನಡಿಯ ಟ್ಯಾಂಕಿನಲ್ಲಿ ಇನ್ನೂ ತುಕ್ಕು ಇರುವುದರಿಂದ, ಬೇರೆ ಡಬ್ಬಿಯಿಂದ ಪೆಟ್ರೋಲ್ ಕೊಟ್ಟು ಶುರುಮಾಡಿದೆವು. ಮೊದಲು ದಟ್ಟ ನೀಲಿ ಹೊಗೆ ಬಂತು. ಹತ್ತು ನಿಮಿಷದಲ್ಲಿ ಅದು ತಿಳಿಯಾಗಿ ನಾಲ್ಕೂ ಸಿಲಿಂಡರು ಸಮವಾಗಿ ಹೊಡೆಯತೊಡಗಿದವು.

ಗೇರ್‌ಬಾಕ್ಸಿನಲ್ಲಿ ಆಯಿಲ್ ತುಳುಕುವಷ್ಟಿದ್ದು, ಅದರ ಹಿಂದಿರುವ, ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಬಹುತೇಕ ಒಣಗಿತ್ತು. ಇವೆರಡರ ನಡುವಿನ ಸೀಲು ಸವೆದಾಗ ಹೀಗಾಗುವುದು ಈ ಜೀಪುಗಳಲ್ಲಿ ಸಾಮಾನ್ಯ. ಸೀಲು ಬದಲಾಯಿಸಿದ್ದೇನೆ, ಒಳಗಿನ ಹಲ್ಲುಗಳು ಅದೃಷ್ಟವಶಾತ್ ಚೆನ್ನಾಗಿವೆ.

ನಾಲ್ಕೂ ಬ್ರೇಕ್ ಡ್ರಮ್ಮುಗಳ ಸಿಲಿಂಡರುಗಳು ಹೊಸದಾಗಿ ಬರಬೇಕು. ಕಾಲಿಡುವ ಜಾಗದ ತಗಡು ಎರಡೂ ಬದಿ ಜರಡಿಯಂತಾಗಿದೆ. ಟಿಂಕರ್ ಕೆಲಸದವರು ಮುಂದಿನ ಸೋಮವಾರ ಬರುತ್ತಾರೆ, ಮುಂಗಾರು ಹಿಡಿಯುವ ಮೊದಲು ಕೊಳೆತ ಭಾಗವನ್ನಷ್ಟೇ ಕತ್ತರಿಸಿ ಬೆಸೆಯುವುದೆಂದು ಮಾತಾಗಿದೆ.