ನೆಟ್ ಚೆನ್ನಾಗಿದ್ದರೂ ಬಿಲ್ಲಿಂಗ್ ಯಾಕೆ ಕಡಿದುಹೋಗುತ್ತದೆ?

“ನೆಟ್ ಛಲೋ ಐತ್ರೀ, ಮೊಬೈಲಿನ್ಯಾಗ ವಿಡಿಯೋನೂ ಓಡತೈತಿ, ಬಿಲ್ಲಿಂಗ್ ಅಷ್ಟ ಯಾಕ ನಡುನಡುವ ಕಡೀತೈತಿ?” ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯ ಅಡತಿ ಅಂಗಡಿಗಳು, ಗದಗಿನ ಮುದ್ರಣಾಲಯಗಳು, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳ ಕಚೇರಿಗಳು, ಹೀಗೆ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಡಲು ನಾನು ಹೋಗುವ ಎಲ್ಲ ಕಡೆಯೂ ಈ ಪ್ರಶ್ನೆ ಎದುರಾಗುತ್ತದೆ. ಮೊದಲು ಅಂಗಡಿಯ ಮೂಲೆಯಲ್ಲಿದ್ದ ಸರ್ವರ್ ಈಗ ಮುಂಬೈಯ ಕ್ಲೌಡ್ ಸೇರಿದೆ; ಸಾಫ್ಟ್‌ವೇರ್ ಮಾತ್ರ ಹಳೆಯದೇ, ಗುಮಾಸ್ತರ ಕಂಪ್ಯೂಟರಿನಲ್ಲೇ ಉಳಿದಿದೆ.

ವಿಡಿಯೋ ಓಡುತ್ತದೆ ಎಂಬುದರಿಂದ ಇಲ್ಲಿ ಏನೂ ಸಾಬೀತಾಗುವುದಿಲ್ಲ. ವಿಡಿಯೋ ಆ್ಯಪ್ ಚೂರುಚೂರಾಗಿ ಮಾಹಿತಿ ತರಿಸಿಕೊಂಡು ಮುಂದಿನ ಕೆಲವು ಸೆಕೆಂಡುಗಳಿಗಾಗುವಷ್ಟನ್ನು ಕೂಡಿಟ್ಟುಕೊಂಡಿರುತ್ತದೆ, ಸಂಪರ್ಕ ಹೋದರೆ ಯಾರಿಗೂ ತಿಳಿಯದಂತೆ ತಾನೇ ಮತ್ತೆ ಜೋಡಿಸಿಕೊಳ್ಳುತ್ತದೆ. ಹಳೆಯ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬೆಳಿಗ್ಗೆ ಒಂದು ಸಂಪರ್ಕ ತೆರೆದು ಸಂಜೆಯವರೆಗೂ ಅದನ್ನೇ ನಂಬಿಕೊಂಡಿರುತ್ತದೆ. ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ (ಮಾಹಿತಿಕೋಶ) ತಂತ್ರಾಂಶದಲ್ಲಿ ಮಾಡಿಸಿಕೊಂಡವರಿಗೆ ಇದು ಚೆನ್ನಾಗಿ ಗೊತ್ತು: ಒಮ್ಮೆ ಕಡಿದರೆ ಆಕ್ಸೆಸ್ ಮುಚ್ಚಿ ಮತ್ತೆ ತೆರೆಯುವವರೆಗೂ ಅನೇಕ ಸಲ ಅದು ಸರಿಹೋಗುವುದಿಲ್ಲ. ಅಂಗಡಿಯೊಳಗೆ ನಡುವೆ ಒಂದು ಸ್ವಿಚ್ ಮಾತ್ರ ಇದ್ದಾಗ ಈ ನಂಬಿಕೆ ನಡೆಯಿತು. ಈಗ ನಡುವೆ ನಿಮ್ಮ ರೂಟರ್, ನೆಟ್ ಕೊಡುವವರ ಉಪಕರಣ, ಕ್ಲೌಡ್‌ನ ಹೆಬ್ಬಾಗಿಲಿನಂಥ ಗೇಟ್‌ವೇ ಎಲ್ಲ ಇವೆ. ಇವುಗಳಲ್ಲಿ ಹೆಚ್ಚಿನವು ತಮ್ಮ ಮೂಲಕ ಹಾದುಹೋಗುವ ಸಂಪರ್ಕಗಳ ಪಟ್ಟಿ ಇಟ್ಟುಕೊಂಡಿರುತ್ತವೆ, ಸ್ವಲ್ಪ ಹೊತ್ತು ಮಾತೇ ಆಡದ ಸಂಪರ್ಕವನ್ನು ಪಟ್ಟಿಯಿಂದ ತೆಗೆದುಹಾಕುತ್ತವೆ, ಮತ್ತು ಬಹಳ ಸಲ ಎರಡೂ ತುದಿಗಳಿಗೆ ಆ ಸುದ್ದಿ ತಿಳಿಸುವುದಿಲ್ಲ. ಗುಮಾಸ್ತರು ಊಟ ಮುಗಿಸಿ ಬಂದು ಬಿಲ್ ಉಳಿಸಲು ಹೋದಾಗಲೇ ದೋಷ ಕಾಣಿಸುವುದು. ಅದರ ಸಂಖ್ಯೆ 10054 ಆಗಿದ್ದರೆ ಆ ಕಡೆಯಿಂದ ಸಂಪರ್ಕ ಮುರಿದುಬಿದ್ದಿದೆ ಎಂದೂ, 10060 ಆಗಿದ್ದರೆ ಉತ್ತರಕ್ಕಾಗಿ ಕಾದು ಅವಧಿ ಮುಗಿದಿದೆ ಎಂದೂ ಅರ್ಥ.

ಆದ್ದರಿಂದ ಹೊಸ ರೂಟರ್ ಕೊಳ್ಳುವ ಮುಂಚೆ ಮೂರು ದಿನ ಒಂದು ನೋಟ್‌ಬುಕ್ ಇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕಡಿದ ಹೊತ್ತು, ಅದಕ್ಕೆ ಎಷ್ಟು ನಿಮಿಷ ಮುಂಚೆ ಕೊನೆಯ ಕೆಲಸ ಆಗಿತ್ತು, ಪಕ್ಕದ ಕಂಪ್ಯೂಟರಿನಲ್ಲೂ ಕಡಿಯಿತೇ, ಕರೆಂಟ್ ಹೋಗಿ ಬಂದಿತ್ತೇ, ಇಷ್ಟು ಬರೆದರೆ ಸಾಕು. ಇವುಗಳಲ್ಲಿ ಎರಡನೆಯ ಅಂಕಿ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಏಕೆಂದರೆ ಸುಮ್ಮನಿದ್ದ ಅವಧಿಯೇ ಅನೇಕ ಸಲ ಕಾರಣದ ಗುರುತು ಹೇಳುತ್ತದೆ. ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನ ಲೋಡ್ ಬ್ಯಾಲೆನ್ಸರ್ (ಬರುವ ಸಂಪರ್ಕಗಳನ್ನು ಸರ್ವರ್‌ಗಳಿಗೆ ಹಂಚುವ ಭಾಗ) ಅವಧಿ ಬದಲಾಯಿಸದಿದ್ದರೆ 4 ನಿಮಿಷಕ್ಕೆ, ಅಮೆಜಾನ್ ಕ್ಲೌಡ್‌ನ ನ್ಯಾಟ್ ಗೇಟ್‌ವೇ (ಒಳಗಿನ ಯಂತ್ರಗಳನ್ನು ಹೊರಗಿನ ನೆಟ್‌ಗೆ ಜೋಡಿಸುವ ಭಾಗ) 350 ಸೆಕೆಂಡಿಗೆ, ಅಜೂರ್ ಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸೇವೆಯ ಗೇಟ್‌ವೇ 30 ನಿಮಿಷಕ್ಕೆ ಮೌನದ ಸಂಪರ್ಕವನ್ನು ಬಿಡುತ್ತವೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸರ್ವರ್ ಮೂಲ ಹೊಂದಾಣಿಕೆಯಲ್ಲಿ 28,800 ಸೆಕೆಂಡು, ಅಂದರೆ 8 ಗಂಟೆ ಕಾಯುತ್ತದೆ. ರಾತ್ರಿ ಸಾಫ್ಟ್‌ವೇರ್ ಮುಚ್ಚದೆ ಹೋಗುವ ಅಂಗಡಿಯಲ್ಲಿ ಬೆಳಗಿನ ಮೊದಲ ಬಿಲ್ಲೇ ಕೈಕೊಡುವುದು ಇದರಿಂದ.

ಪರಿಹಾರ ಎರಡು ಬಗೆಯದು, ಇವನ್ನು ಒಂದೇ ಎಂದು ತಿಳಿಯುವುದರಿಂದ ಬಹಳ ಸಮಯ ಹಾಳಾಗುತ್ತದೆ. ನಡುವಿನ ರೂಟರ್ ಪಟ್ಟಿಯಿಂದ ತೆಗೆಯುತ್ತಿದ್ದರೆ ಸಂಪರ್ಕ ಜೀವಂತವಾಗಿದೆ ಎಂದು ತೋರಿಸಲು ಆಗಾಗ ಪುಟ್ಟ ಸಂಕೇತ ಕಳಿಸುವ ‘ಟಿಸಿಪಿ ಕೀಪ್‌ಅಲೈವ್’ ಸಾಕು. ಆದರೆ ವಿಂಡೋಸ್‌ನಲ್ಲಿ ಅದರ ಮೂಲ ಅವಧಿ 2 ಗಂಟೆ. 4 ನಿಮಿಷಕ್ಕೆ ಕಡಿಯುವ ಕಡೆ ಇದು ಉಪಯೋಗಕ್ಕೆ ಬಾರದು, 30 ಅಥವಾ 60 ಸೆಕೆಂಡಿಗೆ ಇಳಿಸಬೇಕು. ಡೇಟಾಬೇಸ್ ಸರ್ವರ್ ತಾನೇ ಅವಧಿ ಎಣಿಸುತ್ತಿದ್ದರೆ ಕೀಪ್‌ಅಲೈವ್ ಅದರ ಲೆಕ್ಕಕ್ಕೆ ಬರುವುದಿಲ್ಲ; ಆಗ ಸಾಫ್ಟ್‌ವೇರ್‌ನಿಂದಲೇ ಆಗಾಗ ‘ಸೆಲೆಕ್ಟ್ 1’ ಎಂಬಂಥ ಪುಟ್ಟ ಪ್ರಶ್ನೆ ಕಳಿಸಬೇಕು, ಅಥವಾ ಕೆಲಸ ಮುಗಿದೊಡನೆ ಸಂಪರ್ಕ ಮುಚ್ಚಿ ಬೇಕಾದಾಗ ಹೊಸದು ತೆರೆಯಬೇಕು. ಹೀಗೆ ಮುಚ್ಚಿ ತೆರೆಯುವ ದಾರಿಯೇ ಉತ್ತಮ ಎಂಬುದು ನನ್ನ ಅಭಿಪ್ರಾಯ.

ಕೆಲಸ ನಡೆದಿರುವಾಗಲೇ ಕಡಿದರೆ ಬೇರೆ ಕಡೆ ನೋಡಬೇಕು. ಕಂಪ್ಯೂಟರಿಗೆ ಯುಪಿಎಸ್ ಇದ್ದು ರೂಟರಿಗೂ ಫೈಬರ್ ಪೆಟ್ಟಿಗೆಗೂ ಇಲ್ಲದ ಅಂಗಡಿಗಳನ್ನು ನಾನು ಎಷ್ಟೋ ಕಂಡಿದ್ದೇನೆ. ಕರೆಂಟ್ ಒಂದು ಕ್ಷಣ ಹೋಗಿ ಬಂದರೆ ಕಂಪ್ಯೂಟರಿನ ಪರದೆ ಅಲುಗಾಡುವುದಿಲ್ಲ, ರೂಟರ್ ಮಾತ್ರ ಮೊದಲಿನಿಂದ ಏಳುತ್ತದೆ. ಹಾಗೆ ಎದ್ದ ಮೇಲೆ ಅಂಗಡಿಗೆ ಹೊಸ ಐಪಿ ವಿಳಾಸ ಸಿಕ್ಕಿ, ಕ್ಲೌಡ್‌ನ ಫೈರ್‌ವಾಲ್‌ನಲ್ಲಿ ಹಳೆಯ ವಿಳಾಸಕ್ಕೆ ಮಾತ್ರ ಅನುಮತಿ ಇದ್ದರೆ, ಅನುಮತಿ ಬದಲಿಸುವವರೆಗೆ ಸಂಪರ್ಕವೇ ಆಗದು. ಸಣ್ಣ ಬಿಲ್ ಹೋಗಿ ದೊಡ್ಡ ವರದಿ ಮಾತ್ರ ನಿಂತುಬಿಡುತ್ತಿದ್ದರೆ ಎಂಟಿಯು, ಅಂದರೆ ಒಂದು ಸಲಕ್ಕೆ ಹೋಗಬಲ್ಲ ಮಾಹಿತಿ ಪೊಟ್ಟಣದ ಗರಿಷ್ಠ ಗಾತ್ರ, ಪರೀಕ್ಷಿಸಿ. ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟು ಜೋಡಿಸುವ ಪಿಪಿಪಿಒಇ ಬಗೆಯ ಸಂಪರ್ಕದಲ್ಲಿ ಅದು ಸಾಮಾನ್ಯವಾಗಿ 1500 ಬೈಟ್ ಬದಲು 1492 ಇರುತ್ತದೆ.

ಇನ್ನೊಂದು ಮಾತನ್ನು ಸಾಫ್ಟ್‌ವೇರ್ ಬರೆಯುವವರಿಗೆ ಹೇಳಲೇಬೇಕು. ಕಡಿದೊಡನೆ ತಾನಾಗಿ ಮತ್ತೆ ಪ್ರಯತ್ನಿಸುವಂತೆ ಮಾಡುವುದು ಓದುವ ಕೆಲಸಕ್ಕೆ ಸರಿ, ಬರೆಯುವ ಕೆಲಸಕ್ಕೆ ಅಪಾಯ. ಅರ್ಧಕ್ಕೆ ನಿಂತ ವಹಿವಾಟನ್ನು ಸರ್ವರ್ ರದ್ದು ಮಾಡುತ್ತದೆ ನಿಜ. ಆದರೆ ಬಿಲ್ ಪೂರ್ತಿ ದಾಖಲಾಗಿ, “ಆಯಿತು” ಎಂಬ ಉತ್ತರ ಬರುವ ದಾರಿಯಲ್ಲಿ ಸಂಪರ್ಕ ಹೋದರೆ ಈ ಕಡೆಗೆ ಅದು ತಿಳಿಯುವುದೇ ಇಲ್ಲ. ಬ್ಯಾಡಗಿಯ ಒಬ್ಬ ವ್ಯಾಪಾರಿಯ ಲೆಕ್ಕದಲ್ಲಿ ಒಂದೇ ಲಾಟಿನ ಮೆಣಸಿನಕಾಯಿ ಎರಡು ಸಲ ಮಾರಾಟವಾದದ್ದು ಹೀಗೆಯೇ, ಅದನ್ನು ಹುಡುಕಲು ನಮಗೆ ಇಡೀ ಒಂದು ದಿನ ಹಿಡಿಯಿತು. ಅಂದಿನಿಂದ ಪ್ರತಿ ಬಿಲ್ಲಿಗೂ ಕಳಿಸುವ ಮೊದಲೇ ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ವಿಶಿಷ್ಟ ಗುರುತು ಹುಟ್ಟಿಸುತ್ತೇವೆ, ಸರ್ವರ್‌ನ ಕೋಷ್ಟಕದಲ್ಲಿ ಆ ಗುರುತು ಎರಡನೆಯ ಸಲ ಸೇರದಂತೆ ಯುನೀಕ್ ಇಂಡೆಕ್ಸ್ ಇಟ್ಟಿದ್ದೇವೆ. ಈಗ ಸಂಪರ್ಕ ಕಡಿದು ಅದೇ ಬಿಲ್ ಮತ್ತೆ ಹೋದರೆ ಸರ್ವರ್ ಅದನ್ನು ತಿರಸ್ಕರಿಸುತ್ತದೆ, ಗುಮಾಸ್ತರಿಗೆ “ಈ ಬಿಲ್ ಆಗಲೇ ದಾಖಲಾಗಿದೆ” ಎಂಬ ಸಾಲು ಕಾಣುತ್ತದೆ.